ಒಂದೇ ದಿನದಲ್ಲಿ ಹಳೆಯ ಬೆಂಗಳೂರು: ಹಿರಿಯರನ್ನು ಎಲ್ಲಿಗೆ ಕರೆದೊಯ್ಯಬೇಕು?

ಪ್ರಶ್ನೆ

ಕಾರ್ತಿಕ ಮಾಸದ ಕೊನೆಯಲ್ಲಿ ನಮ್ಮ ತಂದೆ ತಾಯಿ ಸಾಗರದಿಂದ ಬರುತ್ತಿದ್ದಾರೆ. ತಂದೆಯವರಿಗೆ 72 ವರ್ಷ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವರಾದರೂ ಬೆಂಗಳೂರಿಗೆ ಬಂದಾಗಲೆಲ್ಲ ಆಸ್ಪತ್ರೆಯನ್ನೋ ಮದುವೆಯನ್ನೋ ಮುಗಿಸಿಕೊಂಡು ಹಿಂದಿರುಗಿದವರು. ಕೆಂಪೇಗೌಡರು ಕಟ್ಟಿದ ಊರನ್ನು ಒಂದು ದಿನವಾದರೂ ಕಣ್ತುಂಬ ನೋಡಬೇಕೆಂಬುದು ಅವರ ಆಸೆ. ತಾಯಿಗೆ ಮೊಣಕಾಲು ನೋವಿದೆ. ವಿಧಾನಸೌಧ, ಬೆಂಗಳೂರು ಅರಮನೆ, ಟಿಪ್ಪು ಅರಮನೆ, ಲಾಲ್‌ಬಾಗ್, ಬಸವನಗುಡಿ ಇಷ್ಟನ್ನೂ ಒಂದೇ ದಿನದಲ್ಲಿ ತೋರಿಸಲು ಸಾಧ್ಯವೇ? ಹಿರಿಯರೊಂದಿಗೆ ಹೀಗೆ ಸುತ್ತಾಡಿದವರು ದಯವಿಟ್ಟು ಅನುಭವ ತಿಳಿಸಿ.

ಚಾಮರಾಜಪೇಟೆಯಿಂದ

ತೋರಿಸಬಹುದು, ಆದರೆ ಅವರು ನೋಡುವುದು ಹೆಚ್ಚಾಗಿ ಕಾರಿನ ಕಿಟಕಿಯನ್ನೇ. ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವ ಬಂದಿದ್ದಾಗ ದಿನಬಾಡಿಗೆಗೆ ಕಾರು ಮಾಡಿ ಎಂಟು ಜಾಗಗಳ ಪಟ್ಟಿ ಹಿಡಿದು ಹೊರಟಿದ್ದೆ. ಅರ್ಧ ದಿನ ದಟ್ಟಣೆಯಲ್ಲೇ ಕಳೆಯಿತು. ಗವಿಪುರ ತಲುಪುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿ, ಗಂಗಾಧರೇಶ್ವರನ ಬಾಗಿಲು ಹಾಕಿತ್ತು. ಮಾವ ಏನೂ ಅನ್ನಲಿಲ್ಲ, ಮೆಟ್ಟಿಲ ಮೇಲೆ ಕುಳಿತು ನೀರು ಕುಡಿದರು. ಆ ದಿನ ನನಗೆ ಇಂದಿಗೂ ಬೇಸರ ತರುತ್ತದೆ. ಆದ್ದರಿಂದ ವಿಧಾನಸೌಧವನ್ನೂ ಬೆಂಗಳೂರು ಅರಮನೆಯನ್ನೂ ಇನ್ನೊಂದು ಸಲಕ್ಕೆ ಬಿಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಇತಿಹಾಸದ ಮೇಷ್ಟರಿಗೆ ಬೇಕಾದ ಊರು ಚಿಕ್ಕಪೇಟೆಯಿಂದ ದಕ್ಷಿಣಕ್ಕೆ, ಮೆಟ್ರೊದ ಹಸಿರು ಮಾರ್ಗದ ಮೂರು ನಾಲ್ಕು ನಿಲ್ದಾಣಗಳೊಳಗೇ ಇದೆ.

ಬೆಳಗ್ಗೆ ಬೇಗನೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಏಳು ಗಂಟೆಯೊಳಗೆ ಹೋದರೆ ಹೂವಿನ ವ್ಯಾಪಾರ ಇನ್ನೂ ಕಳೆಕಟ್ಟಿರುತ್ತದೆ. ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿಗಳ ನಡುವೆ ನಿಂತಾಗ, 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಊರಿನ ಮೊದಲ ಬೀದಿದೀಪಗಳು ಬೆಳಗಿದ್ದು ಈ ಭಾಗದಲ್ಲೇ ಎಂದು ತಂದೆಯವರಿಗೆ ನೆನಪಿಸಿ. ಅಲ್ಲಿಂದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಅದು ಚಿಕ್ಕದೇವರಾಜ ಒಡೆಯರ ಕಾಲದ ಗುಡಿ. ಅದಕ್ಕೆ ಅಂಟಿಕೊಂಡಂತೆ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ಹಿಂದೂ ದೇವಾಲಯವೂ ಸುಲ್ತಾನನ ಅರಮನೆಯೂ ಗೋಡೆಗೆ ಗೋಡೆ ತಾಗಿ ನಿಂತಿರುವ ಆ ಜಾಗದಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲುವುದು ನನಗೆ ಯಾವತ್ತೂ ಇಷ್ಟ.

ಹೈದರಾಲಿ 1781ರಲ್ಲಿ ಆರಂಭಿಸಿದ ಈ ಅರಮನೆಯನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ. ತೇಗದ ಕಂಬಗಳು, ಅವುಗಳ ಮೇಲಿನ ಕಮಾನುಗಳು, ದರ್ಬಾರು ನಡೆಯುತ್ತಿದ್ದ ಮೇಲಂತಸ್ತಿನ ಮೊಗಸಾಲೆ ಇವನ್ನೆಲ್ಲ ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು. ಟಿಪ್ಪುವಿನ ಮರಣಾನಂತರ ಇದೇ ಕಟ್ಟಡ ಸರ್ಕಾರಿ ಕಚೇರಿಯಾಗಿ, 1868ರಲ್ಲಿ ಕಚೇರಿಗಳು ಅಠಾರಾ ಕಚೇರಿಗೆ (ಈಗಿನ ಹೈಕೋರ್ಟ್ ಕಟ್ಟಡ) ಸ್ಥಳಾಂತರವಾಗುವವರೆಗೂ ಮುಂದುವರಿಯಿತು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಉಳಿದಿರುವ ಕೋಟೆ ತೀರ ಚಿಕ್ಕದು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನದಾಗಿಸಿದ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷರ ಕಾರ್ನ್‌ವಾಲಿಸನ ಸೇನೆ ಅದನ್ನು ಭೇದಿಸಿ ಒಳನುಗ್ಗಿತು. ಈಗ ಉಳಿದಿರುವುದು ದೆಹಲಿ ಬಾಗಿಲು, ಒಂದಿಷ್ಟು ಗೋಡೆ, ಒಳಗೊಂದು ಗಣಪತಿ ಗುಡಿ ಮಾತ್ರ. ಬಾಗಿಲಿನ ಎತ್ತರದ ಎದುರು ನಿಂತರೆ ಕಳೆದುಹೋದ ಉಳಿದ ಭಾಗದ ಗಾತ್ರ ತಾನಾಗಿಯೇ ಮನಸ್ಸಿಗೆ ಬರುತ್ತದೆ.

ಇಷ್ಟಾದ ಮೇಲೆ ತಿಂಡಿ ಮುಗಿಸಿ ಪೇಟೆಗೆ ಹೋಗಿ. ಪ್ರವಾಸಿಗರು ಬಿಟ್ಟುಬಿಡುವ ಜಾಗ ಇದು, ಆದರೆ ನಿಮ್ಮ ತಂದೆಯವರಿಗೆ ಇದೇ ಮುಖ್ಯ. ಇಂದಿನ ಅವೆನ್ಯೂ ರಸ್ತೆಯೇ ಹಿಂದಿನ ದೊಡ್ಡಪೇಟೆ. ಅದೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ಎತ್ತುಗಳಿಂದ ನೇಗಿಲು ಹೂಡಿಸಿ ಕೆಂಪೇಗೌಡರು ಬೀದಿಗಳನ್ನು ಗುರುತಿಸಿದರೆಂಬುದು ಪರಂಪರೆಯ ನಂಬಿಕೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ, ತಿಗಳರಪೇಟೆ ಎಂದು ಫಲಕಗಳನ್ನು ಒಂದೊಂದಾಗಿ ಓದುತ್ತ ನಡೆದರೆ, ಯಾರು ಏನು ಮಾಡಿ ಬದುಕುತ್ತಿದ್ದರೆಂಬ ಲೆಕ್ಕವೇ ಕೈಗೆ ಸಿಗುತ್ತದೆ. ಧರ್ಮರಾಯಸ್ವಾಮಿ ದೇವಸ್ಥಾನವನ್ನು ತಪ್ಪಿಸಬೇಡಿ. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳ ಸಮುದಾಯದವರ ಕರಗ ಹೊರಡುವುದು ಇಲ್ಲಿಂದ, ಅದು ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಚಿಕ್ಕಪೇಟೆಯ ಸೀರೆ ಅಂಗಡಿಗಳು ತೆರೆಯುವುದು ತಡವಾಗಿ, ಹಾಗಾಗಿ ಹತ್ತೂವರೆಯ ಮೊದಲು ಬೀದಿಯನ್ನು ನೋಡಿ, ಆಮೇಲೆ ತಾಯಿಯವರಿಗೆ ಸೀರೆ ನೋಡಿ. ಭಾನುವಾರ ಮಾತ್ರ ಬೇಡ: ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ, ಮೆಟ್ರೊ ಕೂಡ ತಡವಾಗಿ ಶುರುವಾಗುತ್ತದೆ.

ರಾಜಾಜಿನಗರದಿಂದ

ಮೇಲಿನವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಮೊಣಕಾಲಿನ ವಿಷಯ ಮಾತ್ರ ಸೇರಿಸುತ್ತೇನೆ, ಏಕೆಂದರೆ ನಮ್ಮ ಅತ್ತೆಯವರನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗಿದ್ದೆ. ಬೇಸಿಗೆ ಅರಮನೆಯ ಮೇಲಂತಸ್ತಿಗೆ ಹತ್ತುವ ಮೆಟ್ಟಿಲು ಕಡಿದಾಗಿದೆ, ಆದ್ದರಿಂದ ತಾಯಿಯವರು ಕೆಳಗಿನ ಕಂಬಸಾಲಿನಲ್ಲೇ ಕುಳಿತಿರಲಿ, ಅಲ್ಲಿ ತಂಪಾಗಿರುತ್ತದೆ. ಪೇಟೆಯ ಕಾಲುದಾರಿಗಳು ಏರುತಗ್ಗಾಗಿರುವುದರಿಂದ ಅಲ್ಲಿ ಅವರನ್ನು ಒಂದು ಗಂಟೆಗಿಂತ ಹೆಚ್ಚು ನಡೆಸಬೇಡಿ. ಶೌಚಾಲಯದ ಅಗತ್ಯವನ್ನು ಪೇಟೆಗೆ ಹೋಗುವ ಮೊದಲೇ ಮೆಟ್ರೊ ನಿಲ್ದಾಣದಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಹಿರಿಯ ಹೆಂಗಸರಿಗೆ ದಿನ ಕೆಡುವುದು ಇದರಿಂದಲೇ.

ದೇವಸ್ಥಾನಗಳು ಮುಚ್ಚಿರುವ ಮಧ್ಯಾಹ್ನದ ಹೊತ್ತನ್ನು ಲಾಲ್‌ಬಾಗಿಗೆ ಕೊಡಿ. ಊಟಕ್ಕೆ ಪಕ್ಕದ ಮಾವಳ್ಳಿಯಲ್ಲಿ 1924ರಿಂದ ನಡೆಯುತ್ತಿರುವ ಎಂಟಿಆರ್ ಇದೆ (ಸೋಮವಾರ ರಜೆ). ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ ಎಂದರೆ ತಾಯಿಯವರಿಗೆ ಕುತೂಹಲವಾದೀತು. ತೋಟ 240 ಎಕರೆ ಇದೆ, ಎಲ್ಲವನ್ನೂ ನಡೆದು ನೋಡುವ ಹಟ ಬೇಡ. ಒಳಗೆ ಬ್ಯಾಟರಿ ವಾಹನ ಸಿಗುತ್ತದೆ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯ ಬಳಿ ಇಳಿದು ನೆರಳಿನಲ್ಲಿ ಕುಳಿತರೆ ಸಾಕು. ತಂದೆಯವರನ್ನು ಮಾತ್ರ ಬಂಡೆಯ ಮೇಲೆ ಕರೆದುಕೊಂಡು ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಶಿಲೆಯ ಮೇಲೆ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದಿದೆ. ಊರಿನ ಎಲ್ಲೆಯೆಂದು ನಂಬಲಾದ ಆ ಗೋಪುರದ ಬಳಿ ನಿಂತು ಸುತ್ತ ಕಣ್ಣು ಹಾಯಿಸಿದರೆ, ಊರು ಆ ಎಲ್ಲೆಯನ್ನು ಎಷ್ಟು ದಾಟಿದೆ ಎಂಬುದು ಕಾಣುತ್ತದೆ.

ಹನುಮಂತನಗರದಿಂದ

ಇಬ್ಬರೂ ಒಂದು ವಿಷಯ ಬಿಟ್ಟಿದ್ದಾರೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬೆಳೆಯನ್ನು ರಾತ್ರಿ ಬಸವನೊಂದು ತಿಂದುಹೋಗುತ್ತಿತ್ತೆಂದೂ ಅದನ್ನು ಸಮಾಧಾನಪಡಿಸಲು ರೈತರು ಮೊದಲ ಕಾಯಿಯನ್ನು ಅರ್ಪಿಸತೊಡಗಿದರೆಂದೂ ಐತಿಹ್ಯವಿದೆ. ಸಾಗರದಿಂದ ಆ ವಾರವೇ ಬರುತ್ತಿರುವವರು ಇದನ್ನು ನೋಡದೆ ಹೋಗುವುದು ಸರಿಯಲ್ಲ. ಆದರೆ ಸೋಮವಾರದ ನೂಕುನುಗ್ಗಲಿನಲ್ಲಿ ಮೊಣಕಾಲು ನೋವಿನವರು ನಿಲ್ಲಲಾರರು. ಅಂಗಡಿಗಳು ಒಂದೆರಡು ದಿನ ಮೊದಲೇ ಬಂದು ಕೂರುತ್ತವೆ, ಆದ್ದರಿಂದ ಅದರ ಹಿಂದಿನ ಶನಿವಾರವನ್ನು ಆರಿಸಿಕೊಳ್ಳಿ. ಅಂದು ಪೇಟೆಯೂ ತೆರೆದಿರುತ್ತದೆ, ಮಾವಳ್ಳಿಯ ಊಟವೂ ಸಿಗುತ್ತದೆ, ಶುಕ್ರವಾರ ರಜೆಯಿರುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೂ ತೆರೆದಿರುತ್ತದೆ. 1943ರ ಆ ಹೋಟೆಲಿನಲ್ಲಿ ಸಾಲು ಕಾಯಬೇಕಾಗುತ್ತದೆ, ಹಾಗಾಗಿ ಒಬ್ಬರು ಮುಂದೆ ಹೋಗಿ ಹೆಸರು ಬರೆಸಿ ಹಿರಿಯರನ್ನು ಆಮೇಲೆ ಕರೆಸಿಕೊಳ್ಳಿ.

ಸಂಜೆ ಐದರ ನಂತರ ಮೊದಲು ಗವಿಪುರಕ್ಕೆ ಆಟೋದಲ್ಲಿ ಹೋಗಿ. ಗುಹೆಯೊಳಗೆ ಗರ್ಭಗುಡಿಯ ಪ್ರದಕ್ಷಿಣೆಗೆ ಬಗ್ಗಿ ನಡೆಯಬೇಕಾದ್ದರಿಂದ ತಾಯಿಯವರು ಎದುರಿನಿಂದ ದರ್ಶನ ಮಾಡಿದರೆ ಸಾಕು. ಹೊರಗಿನ ಅಂಗಳದಲ್ಲಿರುವ ಸೂರ್ಯಪಾನ, ಚಂದ್ರಪಾನ ಎಂಬ ಕಲ್ಲಿನ ದೊಡ್ಡ ಬಿಲ್ಲೆಗಳನ್ನು ತಂದೆಯವರು ನಿಧಾನವಾಗಿ ನೋಡಲಿ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ಲಿಂಗದ ಮೇಲೆ ಬೀಳುವುದು ಇಲ್ಲೇ. ಅಲ್ಲಿಂದ ದೊಡ್ಡ ಗಣಪತಿ, ಅದರ ಹಿಂದೆ ಏರಿನ ಮೇಲೆ ಒಂದೇ ಕಲ್ಲಿನ ದೊಡ್ಡ ಬಸವಣ್ಣ, ಸುಮಾರು ಹದಿನೈದು ಅಡಿ ಎತ್ತರ. ಎಣ್ಣೆ ಹಚ್ಚಿ ಹಚ್ಚಿ ಕಪ್ಪಾದ ಆ ಮೈಗೆ ದೀಪದ ಬೆಳಕು ಬಿದ್ದಾಗ ನೋಡಬೇಕು.

ಕೆಳಗಿಳಿದ ಮೇಲೆ ಬ್ಯೂಗಲ್ ರಾಕ್ ಪಕ್ಕದ ರಸ್ತೆಯಲ್ಲಿ ಹಸಿ, ಹುರಿದ, ಬೇಯಿಸಿದ ಕಾಯಿ ಮೂರೂ ಸಿಗುತ್ತವೆ. ಊರಿಗೆ ಒಯ್ಯುವುದಾದರೆ ಹುರಿದದ್ದನ್ನು ಕೊಳ್ಳಿ, ಬೇಯಿಸಿದ್ದು ಮರುದಿನಕ್ಕೆ ಹಳಸುತ್ತದೆ. ಸೇರಿನಲ್ಲಿ ಅಳೆದು ಕೊಡುವವರು ಕೊನೆಗೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ, ಅದಕ್ಕೆ ತಾಯಿಯವರ ಕೈಗೊಂದು ಬಟ್ಟೆಚೀಲ ಕೊಟ್ಟಿರಿ.