ಹಲಸಿನ ಮರದ ಮೇಲಿರುವುದು ಸೀತಾಳೆ ದಂಡೆಯೋ, ಏರಿಡಿಸೋ?

ತೋಟದಂಚು, ಶಿರಸಿ:
ತೋಟದ ಹಲಸಿನ ಮರದಲ್ಲಿ ನಸುಗೆಂಪು ಹೂವಿನ ದಂಡೆ ಇಳಿಬಿದ್ದಿದೆ. ಇದು ರಿಂಕೋಸ್ಟೈಲಿಸ್ ರೆಟ್ಯೂಸಾ, ಅಂದರೆ ಸೀತಾಳೆ ದಂಡೆ ಎಂಬ ಆರ್ಕಿಡ್ ಹೌದೇ, ಇಲ್ಲಾ ಅದನ್ನೇ ಹೋಲುವ ಏರಿಡಿಸ್ ಕುಲದ ಆರ್ಕಿಡ್ಡೋ? ಹೂ ಉದುರಿದ ಮೇಲೆ ಗುರುತಿಸುವುದು ಹೇಗೆ? ಮರ ಒಣಗುತ್ತಿದೆ, ಗಿಡವನ್ನು ಉಳಿಸಿಕೊಳ್ಳಬೇಕು.

ಕಾನುಹೂ:
ಬಣ್ಣ ನಂಬಬೇಡಿ, ಎರಡರಲ್ಲೂ ಬಿಳಿಯಿಂದ ನೇರಳೆವರೆಗೆ ಇದೆ. ಒಂದು ಹೂ ಬಿಡಿಸಿ ಪಕ್ಕದಿಂದ ನೋಡಿ. ಸೀತಾಳೆ ದಂಡೆಯ ತುಟಿದಳ (ಉಳಿದವಕ್ಕಿಂತ ಬೇರೆ ಆಕಾರದ ಎಸಳು) ಸೀಳಿಲ್ಲದ ಒಂದೇ ಹೋಳು. ಬುಡದಲ್ಲಿ ಇಕ್ಕೆಲದಿಂದ ಒತ್ತಿದಂಥ ಚಪ್ಪಟೆ ಚೀಲ. ಏರಿಡಿಸ್‌ಗೆ ತುಟಿದಳದಲ್ಲಿ ಮೂರು ಹೋಳು, ಬುಡದಲ್ಲಿ ಮುಂದಕ್ಕೆ ಬಾಗಿದ ಕೊಂಬು. ಇದೊಂದೇ ಸಾಕು. ಸೀತಾಳೆ ದಂಡೆಯ ಹೂ ಸುಮಾರು 2 ಸೆಂ.ಮೀ., ದಂಡೆಯಲ್ಲಿ ನೂರಕ್ಕೂ ಹೆಚ್ಚು ಹೂ ಒತ್ತೊತ್ತಾಗಿ ಇರಬಹುದು. ಏರಿಡಿಸ್‌ನ ಒಂದು ಜಾತಿಯಾದ ಏರಿಡಿಸ್ ಕ್ರಿಸ್ಪಾದ ಹೂ ದೊಡ್ಡದು, ದಂಡೆ ವಿರಳ, ತುಟಿದಳದ ಅಂಚು ನೆರಿಗೆ.

ಎಲೆಗುರುತು:
ಹೂವಿಲ್ಲದಾಗ ಎಲೆ ನೋಡಿ. ಸೀತಾಳೆ ದಂಡೆಯದು ಉದ್ದ, ಕಿರಿದು, ದಪ್ಪ. ನಡುವೆ ದೋಣಿಯಂತೆ ಮಡಚಿರುತ್ತದೆ, ತುದಿ ಕಚ್ಚಿ ತಿಂದಂತೆ ಏರುಪೇರು. ಏರಿಡಿಸ್‌ನ ಇನ್ನೊಂದು ಜಾತಿ ಏರಿಡಿಸ್ ಮ್ಯಾಕುಲೋಸಾದ ಎಲೆ ಗಿಡ್ಡ, ಅಗಲ, ಚಪ್ಪಟೆ. ಆದರೆ ಎಳೆಯ ಗಿಡಗಳಲ್ಲಿ ಎಲೆಯನ್ನೇ ನೆಚ್ಚಬೇಡಿ, ಹೂವಿಗೆ ಕಾಯಿರಿ.

ಕಾನುಹೂ:
ಗಿಡ ಬದಲಿಸಲು ಹೂ ಮುಗಿಯಲಿ. ಬೇರಿನ ತುದಿ ಹಸಿರಾಗಿ ಬೆಳೆಯುತ್ತಿರುವ ಮಳೆಗಾಲವೇ ಸೂಕ್ತ. ಬೇರು ಕಿತ್ತರೆ ತುಂಡಾಗುತ್ತದೆ. ಸಾಧ್ಯವಾದರೆ ಅಂಟಿಕೊಂಡಿರುವ ತೊಗಟೆಸಮೇತ ಕತ್ತರಿಸಿ. ಬಿಸಿಲು ಸೋಸಿ ಬೀಳುವ ಮಾವು ಅಥವಾ ಬೇರೆ ಹಲಸಿನ ಮರಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ. ಪೇರಲೆ, ನೀಲಗಿರಿ ಬೇಡ. ತೊಗಟೆ ಸುಲಿದಾಗ ಗಿಡವೂ ಉದುರುತ್ತದೆ. ಬುಡವನ್ನು ಪಾಚಿಯಿಂದ ಮುಚ್ಚಲೇಬೇಡಿ, ನೀರು ನಿಂತು ಕೊಳೆಯುವುದು ಅಲ್ಲಿಂದಲೇ. ಸಂಜೆ ಎಲೆಗಳ ಸಂದಿಗೆ ನೀರು ಬಿಡುವುದೂ ಅಷ್ಟೇ ಕೆಟ್ಟದ್ದು. ಎಲೆ ಕಡುಹಸಿರಾಗಿ ಜೋತುಬಿದ್ದು ಹೂ ಬಾರದಿದ್ದರೆ ಬೆಳಕು ಸಾಲದು. ಹಳದಿಯಾಗಿ ಕಲೆ ಬಿದ್ದರೆ ಬಿಸಿಲು ಜಾಸ್ತಿ.

ತೋಟದಂಚು, ಶಿರಸಿ:
ಕೊಂಬಿಲ್ಲ, ಚಪ್ಪಟೆ ಚೀಲವೇ ಇದೆ. ಎಲೆಯೂ ದೋಣಿಯಂತಿದೆ. ಪಕ್ಕದ ಬೆಟ್ಟದ ಮರಗಳಿಂದಲೂ ಎರಡು ತರಬಹುದೇ?

ಎಲೆಗುರುತು:
ಬೇಡ ಮಾರಾಯ್ರೆ. ಧೂಳಿನಂಥ ಬೀಜ ಮೊಳೆಯಲು ಅಲ್ಲಿನ ಶಿಲೀಂಧ್ರದ ನೆರವು ಬೇಕು, ಗಿಡ ಹೂಬಿಡಲು ವರ್ಷಗಳು ಹಿಡಿಯುತ್ತವೆ. ಅಲ್ಲಿಯೇ ಕಾಯಿ ಬಲಿಯಲಿ, ಬೀಜ ಗಾಳಿಗೆ ಹಾರಲಿ. ಇನ್ನಷ್ಟು ಗಿಡ ಬೇಕಿದ್ದರೆ ಅಂಗಾಂಶ ಕೃಷಿಯಲ್ಲಿ ಬೆಳೆಸಿದ್ದನ್ನು ನರ್ಸರಿಯಿಂದ ಕೊಳ್ಳಿ.