ನಾರ್ವೆ, ಸ್ವೀಡನ್, ಫಿನ್‌ಲೆಂಡ್: ಮಕ್ಕಳೊಟ್ಟಿಗೆ ಸ್ಕೀಯಿಂಗ್‌ಗೆ ಯಾವ ಊರು?

ಕದ್ರಿಗುಡ್ಡೆ:
ಮಂಗಳೂರಿಂದ ಐದು ಜನ ಹೋಗುವುದು. ನಾವಿಬ್ಬರು, 5 ಮತ್ತು 9 ವರ್ಷದ ಮಕ್ಕಳು, ಮೊಣಗಂಟು ನೋವಿನ ಅಮ್ಮ. ಹಿಮ ಯಾರೂ ನೋಡಿದವರಲ್ಲ. ರಜೆ ಸಿಗುವುದು ಕ್ರಿಸ್‌ಮಸ್‌ಗೆ, ಇಲ್ಲದಿದ್ದರೆ ಏಪ್ರಿಲ್ ಎರಡನೇ ವಾರದ ಮೇಲೆ. ನಾರ್ವೆಯ ಟ್ರಿಸಿಲ್, ಸ್ವೀಡನ್ನಿನ ಓರೆ, ಫಿನ್‌ಲೆಂಡಿನ ಲೆವಿ ಮೂರು ಹೆಸರು ಬರೆದಿಟ್ಟಿದ್ದೇವೆ. ಏಳು ದಿನಕ್ಕೆ ಯಾವುದು ಆಗಬಹುದು? ಊಟಕ್ಕೆ ಎಂತ ಮಾಡುವುದು?

ಮಲ್ಪೆ ಗಾಳಿ:
ತಿಂಗಳು ಮೊದಲು ಗಟ್ಟಿ ಮಾಡಿ ಸರ್, ಊರು ಆಮೇಲೆ. ಲೆವಿ ಇರುವುದು ಆರ್ಕ್ಟಿಕ್ ವೃತ್ತದಿಂದಲೂ ಮೇಲೆ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಮಬ್ಬು, ಮತ್ತೆಲ್ಲ ಲೈಟಿನ ಬೆಳಕಲ್ಲೇ ಜಾರುವುದು. ಚಳಿ ಮೈನಸ್ 20ಕ್ಕೂ ಇಳಿಯುತ್ತದೆ. ಐದು ವರ್ಷದ ಮಗು ಅರ್ಧ ಗಂಟೆಗೆ ಒಳಗೆ ಹೋಗುವ ಅನ್ನುತ್ತದೆ. ಏಪ್ರಿಲ್‌ನಲ್ಲಿ ಅದೇ ಲೆವಿ ಬೇರೆಯೇ ಊರು. ರಾತ್ರಿ ಎಂಟರವರೆಗೂ ಬೆಳಕು, ಹಿಮ ಇನ್ನೂ ದಪ್ಪ, ಸೀಸನ್ ಸಾಮಾನ್ಯವಾಗಿ ಮೇ ಆರಂಭದವರೆಗೆ ಉಂಟು. ಹೆಲ್ಸಿಂಕಿಯಿಂದ ಕಿಟ್ಟಿಲಾಗೆ ವಿಮಾನ, ಅಲ್ಲಿಂದ ಸುಮಾರು 15 ಕಿ.ಮೀ. ಇಳಿಜಾರು ಪೇಟೆಯ ಮಧ್ಯಕ್ಕೇ ಬಂದು ಮುಗಿಯುವ ಕಾರಣ ಅಮ್ಮನವರು ಕೆಫೆಯಲ್ಲಿ ಕೂತೇ ಮೊಮ್ಮಕ್ಕಳನ್ನು ನೋಡಬಹುದು. ನಿಮಗೆ ಇದೇ ಸರಿ.

ಕ್ರಿಸ್‌ಮಸ್‌ಗೇ ಹೋಗುವುದಾದರೆ ಟ್ರಿಸಿಲ್. ನಾರ್ವೆಯಲ್ಲೇ ದೊಡ್ಡದು, ಹಗಲು ಸುಮಾರು ಐದೂವರೆ ಗಂಟೆಯಾದರೂ ಸಿಗುತ್ತದೆ. ಓಸ್ಲೊ ವಿಮಾನ ನಿಲ್ದಾಣದಿಂದ ಬಸ್ಸಲ್ಲಿ ಎರಡೂವರೆ, ಮೂರು ಗಂಟೆ ಕೂರಬೇಕು. ಓರೆ 2019ರ ವಿಶ್ವ ಚಾಂಪಿಯನ್‌ಶಿಪ್ ನಡೆದ ಬೆಟ್ಟ. ಅಲ್ಲಿಗಾದರೆ ಮಕ್ಕಳಿಗೆ ಅನುಕೂಲವಾದ ಬ್ಯೋರ್ನೆನ್ ಭಾಗದಲ್ಲೇ ರೂಮು ಹಿಡಿಯಿರಿ.

ಮಣಿಪಾಲದಿಂದ:
ಏಪ್ರಿಲ್‌ನಲ್ಲಿ ಒಂದು ವಿಷಯ ಗೊತ್ತಿರಲಿ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಒಂಬತ್ತಕ್ಕೆ ಗಾಜಿನ ಹಾಗೆ, ಮಧ್ಯಾಹ್ನ ಎರಡರ ಮೇಲೆ ನೀರು ಬಿದ್ದ ಸಕ್ಕರೆಯ ಹಾಗೆ. ಕಲಿಯಲಿಕ್ಕೆ ಹತ್ತರಿಂದ ಹನ್ನೆರಡೂವರೆ ಒಳ್ಳೆಯ ಹೊತ್ತು. ಏಳು ದಿನಕ್ಕೂ ಲಿಫ್ಟ್ ಪಾಸ್ ಬೇಡ. ಮೂರು ದಿನ ಸ್ಕೀ ಶಾಲೆ, ಒಂದು ದಿನ ಬಿಡುವು, ಮತ್ತೆ ನೋಡಿ. ಹಸಿರು ಗುರುತಿನ ಇಳಿಜಾರು ಎಲ್ಲಕ್ಕಿಂತ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು.

ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದರೆ ಸರಿಯಾಗಿ ಹೇಳಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವ ಬಿಗಿಯನ್ನು ಅದರ ಮೇಲೆ ಹೊಂದಿಸುತ್ತಾರೆ. ಜಾಸ್ತಿ ಹೇಳಿದರೆ ಕಳಚದೆ ಮೊಣಗಂಟು ತಿರುಚುತ್ತದೆ. ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರ್‌ನಲ್ಲಿ. ನೇರ ನಿಂತಾಗ ಹೆಬ್ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು. ಒಂದೇ ತೆಳು ಉಣ್ಣೆ ಸಾಕ್ಸ್. ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಹಗ್ಗಕ್ಕೆ ತಿರುಗಿಸಿದ ಟೀ ಅಕ್ಷರದಂಥ ಕೋಲು ಕಟ್ಟಿದ ಲಿಫ್ಟ್ ಅಲ್ಲಿ ತುಂಬಾ ಕಡೆ ಉಂಟು. ಅದರ ಮೇಲೆ ಕೂರಲಿಕ್ಕೆ ಹೋದವರೇ ಬೀಳುವುದು. ನಿಂತೇ ಇರಬೇಕು, ಅದು ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ಚಿಕ್ಕವನಿಗೆ ಚಲಿಸುವ ಬೆಲ್ಟ್ ಇರುವ ಜಾಗವೇ ಸರಿ.

ಉಡುಪಿ ಅಡಿಗೆ:
ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಹಾಸಿಗೆ ಬಟ್ಟೆ, ಹೋಗುವಾಗಿನ ಕ್ಲೀನಿಂಗ್ ಎರಡಕ್ಕೂ ಹೆಚ್ಚಾಗಿ ಬೇರೆ ದುಡ್ಡು, ಬುಕ್ ಮಾಡುವಾಗಲೇ ನೋಡಿ. ಬಟ್ಟೆ ಒಣಗಿಸುವ ಬಿಸಿ ಕಪಾಟು ಉಂಟಾ ಅಂತ ಕೇಳಿ. ಕೈಗವಸು ಒಣಗದಿದ್ದರೆ ಮಾರನೇ ದಿನ ಹಾಳು. ಕುಚ್ಚಲಕ್ಕಿ ಬೇಯಿಸುತ್ತಾ ಕೂರಬೇಡಿ, ಬೆಳ್ತಿಗೆ ಅಕ್ಕಿ, ಅವಲಕ್ಕಿ ಸಾಕು. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್‌ಗೆ ಆಗುವ ಸ್ಟೀಲಿನದ್ದು, ಬರೀ ಅಲ್ಯುಮಿನಿಯಂ ಬಿಸಿಯಾಗುವುದಿಲ್ಲ. ಸಾರಿನ ಪುಡಿ ಒಯ್ಯಬಹುದು. ತುಪ್ಪ, ಪೇಡದಂಥ ಹಾಲಿನದ್ದು, ಹಸಿ ಕರಿಬೇವು ಬೇಡ, ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ.

ಈ ಮೂರು ದೇಶಕ್ಕೂ ಆಗುವ ಷೆಂಗೆನ್ ವೀಸಾ ಅರ್ಜಿ ಆರು ತಿಂಗಳು ಮುಂಚಿನಿಂದ ಹಾಕಬಹುದು. ದೊಡ್ಡವರಿಗೆ 90 ಯೂರೋ, 9 ವರ್ಷದವರಿಗೆ 45, 5ರವರಿಗೆ ಇಲ್ಲ. ಮೊದಲು ವೀಸಾಕ್ಕೆ ಬೆರಳಚ್ಚು ಕೊಟ್ಟಿರದ ದೊಡ್ಡವರು ಅದಕ್ಕೆ ಬೆಂಗಳೂರಿಗೆ ಹೋಗಬೇಕು. 12ರ ಒಳಗಿನವರಿಗೆ ಬೆರಳಚ್ಚು ಬೇಡ. ವೀಸಾಕ್ಕೆ ಬೇಕಾದ 30,000 ಯೂರೋ ವೈದ್ಯಕೀಯ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಯಲ್ಲಿ ಇರುವುದಿಲ್ಲ.

ಕದ್ರಿಗುಡ್ಡೆ:
ಏಪ್ರಿಲ್, ಲೆವಿ ಅಂತ ಆಯಿತು. ಮಕ್ಕಳಿಗೆ ಜೀನ್ಸ್ ಮೇಲೆ ರೈನ್‌ಕೋಟ್ ಸಾಕಾ?

ಮಣಿಪಾಲದಿಂದ:
ಬೇಡ ಮಾರಾಯ್ರೆ. ಹತ್ತಿ ಬಟ್ಟೆ ಬೆವರು, ಹಿಮ ಎರಡನ್ನೂ ಹೀರಿ ಮೈಗೆ ಅಂಟಿ ತಣ್ಣಗಾಗುತ್ತದೆ. ಒಳಗೆ ಉಣ್ಣೆ, ಮಧ್ಯೆ ಫ್ಲೀಸ್, ಹೊರಗೆ ನೀರು ಇಳಿಯದ ಸ್ಕೀ ಪ್ಯಾಂಟ್, ಜಾಕೆಟ್. ಕೈಗವಸು ಮಾತ್ರ ಒಬ್ಬೊಬ್ಬರಿಗೆ ಎರಡು ಜೊತೆ.