ಐಸ್ ಫ್ಯಾಕ್ಟರಿಯಲ್ಲಿ ಬಾಡಿಗೆ ಮನೆ

ಬಂದರಿನ ಪಕ್ಕದ ಹಳೆ ಐಸ್ ಫ್ಯಾಕ್ಟರಿ ಮುಚ್ಚಿ ಎಷ್ಟು ಮಳೆಗಾಲ ಆಯಿತೋ, ಲೆಕ್ಕ ಇಟ್ಟವರಿಲ್ಲ. ಮೊನ್ನೆ ಕಾರವಾರದಲ್ಲಿ ಜಡಿಮಳೆ. ಚಾ ಅಂಗಡಿಯಲ್ಲಿ ಸಿಕ್ಕಿಬಿದ್ದ ನಾವು ನಾಲ್ಕು ಜನ ಅದನ್ನೇ ನೋಡುತ್ತ ಕೂತಿದ್ದೆವು. ಬೆಂಗಳೂರಿನಿಂದ ರಜೆಗೆ ಬಂದ ಉಮೇಶ ಶುರು ಹಚ್ಚಿಕೊಂಡ.

“ಇದನ್ನು ಕೆಡವಬಾರದು ಮಾರಾಯ. ಕೆಳಗೆ ಕೆಲಸದ ಜಾಗ, ನಡುವೆ ಅಂಗಡಿ, ಮೇಲೆ ಮನೆ ಮಾಡಬೇಕು.”

“ಬಂಗಡೆ ವಾಸನೆಗೆ ಬಾಡಿಗೆ ಜಾಸ್ತಿಯೋ, ಕಡಿಮೆಯೋ?” ಅಂದ ಪಾಂಡು. ಹದಿನೆಂಟು ವರ್ಷ ಅಲ್ಲೇ ಐಸ್ ಎತ್ತಿದವನು.

ಉಮೇಶ ಮೊಬೈಲ್ ತೆಗೆದ. ವಿಯೆನ್ನಾದಲ್ಲಿ 1890ರ ದಶಕದಲ್ಲಿ ಕಟ್ಟಿದ ನಾಲ್ಕು ದೈತ್ಯ ಗ್ಯಾಸ್ ಟ್ಯಾಂಕುಗಳಿವೆ. 2001ರ ಹೊತ್ತಿಗೆ ಹೊರಗಿನ ಇಟ್ಟಿಗೆ ಗೋಡೆ ಹಾಗೇ ಉಳಿಸಿ, ಒಳಗೆ ಮನೆ, ಅಂಗಡಿ, ಆಫೀಸು, ಸಂಗೀತ ಕಛೇರಿಯ ಹಾಲ್ ಎಲ್ಲ ಮಾಡಿದರು.

ಶಿರಸಿಯ ಭಟ್ಟರು ಲೋಟ ಕೆಳಗಿಟ್ಟರು. “ಗ್ಯಾಸ್ ಟ್ಯಾಂಕಿನಲ್ಲಿ ಸಂಸಾರವಾ? ನಮ್ಮನೆ ಗೋಬರ್ ಗ್ಯಾಸ್ ಗುಂಡಿಗೂ ಒಬ್ಬ ಬಾಡಿಗೆದಾರನನ್ನು ಹುಡುಕಿಕೊಡು ಮಾರಾಯ.”

“ತಮಾಷೆ ಅಲ್ಲ ಭಟ್ರೇ. ಲಂಡನ್ನಿನ ಟೇಟ್ ಮಾಡರ್ನ್ ಮೊದಲು ಕರೆಂಟ್ ಮಾಡುವ ಸ್ಥಾವರ. 1981ರಲ್ಲಿ ಮುಚ್ಚಿತು. 2000ದಲ್ಲಿ ಚಿತ್ರಶಾಲೆ ಆಗಿ ಬಾಗಿಲು ತೆರೆಯಿತು.”

“ಲಂಡನ್ ಯಾಕೆ ಬೇಕು?” ಅಂದೆ ನಾನು. “ನಮ್ಮ ಟಾಗೋರ್ ಬೀಚಿನಲ್ಲಿ ಯುದ್ಧದ ಹಡಗೇ ದಡ ಹತ್ತಿ, 2006ರಿಂದ ಮ್ಯೂಸಿಯಂ ಆಗಿ ಕೂತಿದೆ. ಈಚೆಗೆ ಟುಪೊಲೆವ್ ವಿಮಾನವೂ ಬಂದು ಪಕ್ಕದಲ್ಲಿ ಸೇರಿತು. ಸಾಲಿನಲ್ಲಿ ಐಸ್ ಫ್ಯಾಕ್ಟರಿ ಒಂದು ಬಾಕಿ.”

ಉಮೇಶನ ಒಂದು ಮಾತು ಮಾತ್ರ ನನಗೆ ಹಿಡಿಸಿತು. ಜಗತ್ತು ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇ. 8ರಷ್ಟು ಸಿಮೆಂಟ್ ತಯಾರಿಕೆಯದೇ. ನಿಂತ ಗೋಡೆ ಉಳಿಸಿದರೆ ಅಷ್ಟು ಹೊಸ ಸಿಮೆಂಟ್ ತಪ್ಪಿತಲ್ಲ.

“ಗೋಡೆ ನಿಂತಿದೆಯೋ ಇಲ್ಲವೋ, ಬಾ ತೋರಿಸುತ್ತೇನೆ” ಎಂದು ಪಾಂಡು ಕೊಡೆ ಬಿಡಿಸಿದ.

ಒಳಗೆ ಮೊದಲು ಕಂಡದ್ದು ಉಪ್ಪುನೀರಿನ ತೊಟ್ಟಿ. ಸಿಹಿನೀರು ತುಂಬಿದ ತಗಡಿನ ಡಬ್ಬಿಗಳನ್ನು ಸಾಲಾಗಿ ಅದರಲ್ಲಿ ಇಳಿಬಿಡುತ್ತಿದ್ದರಂತೆ. ಅಮೋನಿಯಾ ಯಂತ್ರ ತಂಪು ಮಾಡಿದ ಉಪ್ಪುನೀರು ಸೊನ್ನೆಗಿಂತ ಕೆಳಗಿಳಿದರೂ ಗಟ್ಟಿಯಾಗುವುದಿಲ್ಲ. ಡಬ್ಬಿಯೊಳಗಿನ ನೀರು ಗಟ್ಟಿಯಾಗುತ್ತದೆ. ಆದರೆ ಆ ಉಪ್ಪು ಸುಮ್ನೆ ಕೂತಿರಲಿಲ್ಲ. ಕಾಂಕ್ರೀಟಿನೊಳಗೆ ಇಳಿದು ಸರಳು ತಿಂದಿತ್ತು. ತುಕ್ಕು ಉಬ್ಬಿ ಕಂಬ ಸೀಳಿತ್ತು. ಪಾಂಡು ಕೊಡೆಯ ತುದಿಯಿಂದ ಮೀಟಿದ. ಶಿರಸಿ ಕಡೆಯ ತೆಳು ಸಿಹಿತಿಂಡಿ ತೊಡದೇವಿನ ಹಾಗೆ ಪದರ ಪದರವಾಗಿ ಉದುರಿತು.

“ತೊಡದೇವಿನ ಹೆಸರು ಕೆಡಿಸಬೇಡ” ಎಂದು ಭಟ್ಟರು ಸಿಟ್ಟಾದರು.

ಉಮೇಶನ ಮುಖ ಇಳಿಯಿತು. ಆದರೂ ಎಂಜಿನಿಯರ್ ಅಲ್ವಾ? ಈಚೆ ಬದಿಯ ಚಿರೇಕಲ್ಲಿನ ಗೋಡೆಗೆ ಕಿವಿಯಿಟ್ಟು ತಟ್ಟಿದ. “ಇದು ಗಟ್ಟಿ. ತೊಟ್ಟಿಯ ಕಡೆ ಬಿಚ್ಚೋಣ, ಈ ಕಡೆ ಉಳಿಸೋಣ. ಐಸ್ ಇಡುವ ಕೋಣೆಯ ಗೋಡೆಯೊಳಗೆ ಭತ್ತದ ಹೊಟ್ಟು ತುಂಬಿದ್ದಾರೆ. ಬೇಸಿಗೆಗೆ ಏಸಿಯೇ ಬೇಡ.”

“ಇಲಿಗಳೂ ಅದನ್ನೇ ಹೇಳುತ್ತವೆ” ಅಂದ ಪಾಂಡು. “ಅದಿರಲಿ, ಸಮುದ್ರದ ಬದಿ ಇದು. ಕಡಲ ದಂಡೆಯಲ್ಲಿ ಕಟ್ಟುವುದಕ್ಕೆ ಕಡಿವಾಣ ಹಾಕುವ ಸಿಆರ್‌ಝಡ್ ನಿಯಮ 1991ರಿಂದ ಇದೆ. ಆ ಕಾಗದ, ಜಾಗದ ಬಳಕೆ ಬದಲಿಸುವ ಕಾಗದ, ಎಲ್ಲ ಕೈಗೆ ಬರುವಷ್ಟರಲ್ಲಿ ನಿನ್ನ ಮಗ ಎಂಜಿನಿಯರ್ ಆಗಿರುತ್ತಾನೆ.”

ಚಿರೇಕಲ್ಲಿನ ಬದಿಯ ಬಾಗಿಲು ನೂಕಿದೆವು. ಒಳಗೆ ಮೂವರು ಬಲೆ ಹೊಲಿಯುತ್ತಿದ್ದರು. ಮೂಲೆಯಲ್ಲಿ ಒಣಮೀನಿನ ಚೀಲ, ತಕ್ಕಡಿ. ಹುಡುಗರ ಕೇರಂ ಬೋರ್ಡು ಒಂದು ಕಡೆ. ಮೆಟ್ಟಿಲ ಮೇಲೆ ತುಳಸಿ ಡಬ್ಬಿ, ಒಗೆದ ಬಟ್ಟೆ, ಕುದಿಯುವ ಸಾರಿನ ಪರಿಮಳ. ಕಾವಲುಗಾರನ ಸಂಸಾರ.

“ಕೆಲಸ, ಅಂಗಡಿ, ಮನೆ” ಎಂದು ಭಟ್ಟರು ಬೆರಳು ಮಡಚಿದರು. “ನೀನು ಹೇಳಿದ್ದು ಇದೇ ಅಲ್ವಾ?”

ಉಮೇಶ ಬಾಯಿ ತೆರೆಯುವ ಮೊದಲೇ ಮೆಟ್ಟಿಲ ತುದಿಯಿಂದ ಒಬ್ಬ ಹೆಂಗಸು ಸೌಟು ಹಿಡಿದು ಇಣುಕಿದಳು.

“ಬಾಡಿಗೆಗೆ ಕೇಳಲಿಕ್ಕೆ ಬಂದದ್ದಾ? ಖಾಲಿ ಇಲ್ಲ.”